ಕಲ್ಲಿನ ಧೂಳು, ಶ್ವಾಸಕೋಶ, ಪರಿಹಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಗ್ರಾನೈಟ್ ಪಾಲಿಶ್ ಘಟಕ, ಫೌಂಡ್ರಿ, ಶಿಲ್ಪ ಕೆತ್ತನೆ. ಇಂಥ ಕಡೆ ವರ್ಷಗಟ್ಟಲೆ ದುಡಿದು ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು, ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮುಖ್ಯವಾಗಿ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಬಗ್ಗೆ ಬರೆದಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಈ ಕಾಯಿಲೆಯಲ್ಲಿ ಎಕ್ಸ್‌ರೇ ಎಷ್ಟು ಮುಖ್ಯವೋ, ನೀವು ಎಲ್ಲಿ, ಯಾವ ಕೆಲಸ, ಎಷ್ಟು ವರ್ಷ ಮಾಡಿದಿರಿ ಎಂಬ ಬರಹವೂ ಅಷ್ಟೇ ಮುಖ್ಯ. ಪರಿಹಾರ ಕೈತಪ್ಪಿದ ಬಹುಪಾಲು ಪ್ರಕರಣಗಳಲ್ಲಿ ಇಲ್ಲದೇ ಹೋಗಿದ್ದು ಆ ಬರಹವೇ.

ಎಲ್ಲ ಧೂಳೂ ಅಪಾಯವೇ? ನಾವು ಹೊಲದ ಧೂಳು ಕುಡಿದು ಬೆಳೆದವರಲ್ಲವೇ?

ಎಲ್ಲ ಧೂಳೂ ಒಂದೇ ಅಲ್ಲ. ಸಿಲಿಕೋಸಿಸ್ ತರುವುದು ಹರಳಿನ ರೂಪದಲ್ಲಿರುವ ಸಿಲಿಕಾ, ಅಂದರೆ ಬೆಣಚುಕಲ್ಲಿನ ಅಂಶ. ಗ್ರಾನೈಟ್‌ನಲ್ಲಿ ಅದು ನೂರಕ್ಕೆ 25-30ರಷ್ಟು ಇರುತ್ತದೆ. ಮರಳುಗಲ್ಲಿನಲ್ಲಿ 90 ದಾಟುವುದೂ ಉಂಟು. ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಜ್ ಸ್ಲ್ಯಾಬಿನಲ್ಲೂ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಅದನ್ನು ಕತ್ತರಿಸುವ ಹುಡುಗರು ಚಿಕ್ಕ ವಯಸ್ಸಿಗೇ ಕಾಯಿಲೆ ಬೀಳುತ್ತಿದ್ದಾರೆಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಸ್ಲ್ಯಾಬನ್ನೇ ನಿಷೇಧಿಸಿತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅದೇ ಸ್ಲ್ಯಾಬನ್ನು ಬಾಲ್ಕನಿಯಲ್ಲಿ ಕೂತು, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕುಯ್ಯುತ್ತಿರುತ್ತಾರೆ.

ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಕೆಟ್ಟದ್ದು. ದಪ್ಪ ಕಣಗಳು ಮೂಗು, ಗಂಟಲಲ್ಲೇ ಸಿಕ್ಕಿಕೊಂಡು ಕಫದ ಜೊತೆ ಹೊರಗೆ ಬರುತ್ತವೆ. 5 ಮೈಕ್ರಾನ್‌ಗಿಂತ ಚಿಕ್ಕವು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿಯುತ್ತವೆ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಈ ಕಣಗಳನ್ನು ನುಂಗಿ ಸ್ವಚ್ಛ ಮಾಡಬೇಕಾದ ರಕ್ಷಕ ಜೀವಕೋಶಗಳು ಸಿಲಿಕಾ ನುಂಗಿ ತಾವೇ ಸಾಯುತ್ತವೆ. ಸತ್ತಾಗ ಕಣ ಹೊರಬೀಳುತ್ತದೆ, ಅದನ್ನು ಇನ್ನೊಂದು ಜೀವಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಹೀಗಾಗಿ ಉರಿಯೂತ ಆರುವುದೇ ಇಲ್ಲ. ಆ ಜಾಗದಲ್ಲಿ ಗಾಯದ ಕಲೆಯಂತೆ ಗಂಟು ಕಟ್ಟುತ್ತದೆ. ಕ್ವಾರಿ ಬಿಟ್ಟು ಹತ್ತು ವರ್ಷವಾದರೂ ಕಾಯಿಲೆ ಬೆಳೆಯುವುದು ಇದೇ ಕಾರಣಕ್ಕೆ.

ನಮ್ಮ ತಾತ, ಅಪ್ಪ ಎಲ್ಲರೂ ಕಲ್ಲು ಕೆತ್ತಿದವರೇ. ಅವರಿಗೆ ಬರದ್ದು ನಮಗೆ ಯಾಕೆ ಬೇಗ ಬಂತು?

ಅವರಿಗೂ ಬಂದಿರಬಹುದು, ‘ದಮ್ಮು’ ಅಂತಲೋ ‘ಕ್ಷಯ’ ಅಂತಲೋ ಹೇಳಿ ಮಣ್ಣು ಮಾಡಿರುತ್ತಾರೆ. ಆದರೆ ಪ್ರಶ್ನೆ ಸರಿಯಾಗಿದೆ. ಉಳಿ, ಸುತ್ತಿಗೆಯಲ್ಲಿ ಕೆತ್ತಿದರೆ ಕಲ್ಲು ಚಕ್ಕೆ ಚಕ್ಕೆಯಾಗಿ ಹಾರುತ್ತದೆ. ಅದೇ ಕಲ್ಲಿಗೆ ಕರೆಂಟಿನ ಕಟ್ಟರ್ ಅಥವಾ ಗ್ರೈಂಡರ್ ಇಟ್ಟರೆ ಮೈದಾಹಿಟ್ಟಿನಂಥ ಪುಡಿ ಏಳುತ್ತದೆ. ಕೋಲಾರ ಜಿಲ್ಲೆಯ ಶಿವಾರಪಟ್ಟಣವಿರಲಿ, ಕಾರ್ಕಳವಿರಲಿ, ಯಾವ ಶಿಲ್ಪದ ಕಾರ್ಯಾಗಾರಕ್ಕೆ ಹೋದರೂ ಇದನ್ನು ಕಣ್ಣಾರೆ ನೋಡಬಹುದು. ವಿಗ್ರಹದ ಮುಖ ತೀಡುವವನು ಕಲ್ಲಿನಿಂದ ಗೇಣು ದೂರದಲ್ಲಿ ಮುಖವಿಟ್ಟು ಕೂತಿರುತ್ತಾನೆ, ರೆಪ್ಪೆಗೂದಲೆಲ್ಲ ಬೆಳ್ಳಗಾಗಿರುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಕೂಲಿಯೂ ಹೆಚ್ಚು ಸಿಗುತ್ತದೆ. ಅಷ್ಟೇ ವೇಗದಲ್ಲಿ ಧೂಳೂ ಒಳಕ್ಕೆ ಹೋಗುತ್ತದೆ. ಕಂಪ್ರೆಸರ್ ಹಚ್ಚಿ ಒಣಗಲ್ಲಿಗೆ ಜ್ಯಾಕ್ ಹ್ಯಾಮರ್ ಹೊಡೆಯುವವರ ಕತೆಯೂ ಇದೇ.

ಎಷ್ಟು ವರ್ಷ ಕೆಲಸ ಮಾಡಿದರೆ ಬರುತ್ತದೆ?

ಸಾಮಾನ್ಯ ಬಗೆಯದು ಹತ್ತು ವರ್ಷಕ್ಕೂ ಹೆಚ್ಚು ಧೂಳು ಕುಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಧೂಳು ಜಾಸ್ತಿಯಿದ್ದ ಕಡೆ ಐದರಿಂದ ಹತ್ತು ವರ್ಷಕ್ಕೇ ಬರುವ ಬಗೆಯೊಂದಿದೆ. ಕ್ವಾರ್ಟ್ಜ್ ಪುಡಿ ಮಾಡುವ ಗಿರಣಿ, ಮರಳು ಊದುವ ಕೆಲಸದಂಥ ಕಡೆ ಕೆಲವೇ ತಿಂಗಳಲ್ಲಿ ಶುರುವಾಗಿ ಒಂದೆರಡು ವರ್ಷದಲ್ಲಿ ಜೀವ ತೆಗೆಯುವ ತೀವ್ರ ಬಗೆಯೂ ಉಂಟು. ಆದ್ದರಿಂದ ‘ಮೂರೇ ವರ್ಷ ಕೆಲಸ ಮಾಡಿದ್ದು, ಸಾಧ್ಯವೇ ಇಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೆಲಸ ಯಾವುದಿತ್ತು ಎಂದು ನೋಡದೆ ಹಾಗೆ ಹೇಳಲು ಬರುವುದಿಲ್ಲ.

ಟಿಬಿ ಅಂತ ಎರಡು ಸಲ ಆರಾರು ತಿಂಗಳು ಮಾತ್ರೆ ನುಂಗಿಸಿದರು. ಕಫದಲ್ಲಿ ಏನೂ ಸಿಗಲಿಲ್ಲ, ಕೆಮ್ಮೂ ಹೋಗಲಿಲ್ಲ. ಇದು ಟಿಬಿಯೋ, ಸಿಲಿಕೋಸಿಸ್ಸೋ?

ನಮಗೆ ಬರುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಎರಡರಲ್ಲೂ ಕೆಮ್ಮು, ತೂಕ ಇಳಿಯುವುದು, ಸುಸ್ತು. ಎರಡರಲ್ಲೂ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲೇ ಕಲೆ. ಟಿಬಿ ಹೆಚ್ಚಿರುವ ನಮ್ಮ ದೇಶದಲ್ಲಿ ಅಂಥ ಎಕ್ಸ್‌ರೇ ನೋಡಿದ ವೈದ್ಯರಿಗೆ ಮೊದಲು ಟಿಬಿ ನೆನಪಾಗುವುದು ಸಹಜ. ತಪ್ಪಾಗುವುದು ಅದಾದ ಮೇಲೆ, ‘ಏನು ಕೆಲಸ ಮಾಡ್ತೀಯಪ್ಪ?’ ಅಂತ ಕೇಳದೇ ಇರುವಲ್ಲಿ. ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಬರೆಯಲು ಜಾಗವಿರುತ್ತದೆ, ಉದ್ಯೋಗ ಬರೆಯಲು ಇರುವುದಿಲ್ಲ. ಇದ್ದರೂ ‘ಕೂಲಿ’ ಎಂಬ ಒಂದೇ ಪದ ಬೀಳುತ್ತದೆ.

ಇನ್ನೊಂದು ತೊಡಕಿದೆ. ಸಿಲಿಕಾ ತುಂಬಿದ ಶ್ವಾಸಕೋಶಕ್ಕೆ ಟಿಬಿ ತಗಲುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಹಾಗಾಗಿ ‘ಟಿಬಿಯೋ ಸಿಲಿಕೋಸಿಸ್ಸೋ’ ಎಂಬ ಪ್ರಶ್ನೆಗೆ ಎಷ್ಟೋ ಸಲ ‘ಎರಡೂ’ ಎಂಬುದೇ ಉತ್ತರ. ಇದಕ್ಕೆ ಸಿಲಿಕೋ ಟ್ಯುಬರ್‌ಕ್ಯುಲೋಸಿಸ್ ಎನ್ನುತ್ತಾರೆ. ಕಾನೂನಿನ ರೋಗಪಟ್ಟಿಯಲ್ಲಿ ಇದಕ್ಕೂ ಪರಿಹಾರವಿದೆ. ದುಡಿಯುವ ಶಕ್ತಿ ಕುಂದಲು ಅಥವಾ ಸಾವಿಗೆ ಸಿಲಿಕೋಸಿಸ್ ಮುಖ್ಯ ಕಾರಣವಾಗಿರಬೇಕು ಎಂಬುದೊಂದೇ ಷರತ್ತು. ‘ಇವರಿಗೆ ಟಿಬಿ ಇತ್ತು, ಆದ್ದರಿಂದ ಪರಿಹಾರವಿಲ್ಲ’ ಎಂಬ ವಾದ ಹಾಗೆ ಸುಮ್ಮನೆ ನಿಲ್ಲುವುದಿಲ್ಲ.

ಮಾಡಬೇಕಾದ್ದು: ಕಫವನ್ನು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದಲ್ಲಿ ಪರೀಕ್ಷೆ ಮಾಡಿಸಿ. ಟಿಬಿ ಸಿಕ್ಕರೆ ಮಾತ್ರೆ ಪೂರ್ತಿ ತೆಗೆದುಕೊಳ್ಳಿ. ಸಿಲಿಕೋಸಿಸ್ ಜೊತೆಗಿದ್ದರೆ ಮಾಮೂಲಿಗಿಂತ ಹೆಚ್ಚು ತಿಂಗಳು ಬೇಕಾಗಬಹುದು. ಟಿಬಿ ಸಿಗದಿದ್ದರೆ, ಮೂರನೇ ಸಲ ಮಾತ್ರೆ ಶುರು ಮಾಡುವ ಮೊದಲು ನಿಮ್ಮ ಕೆಲಸದ ವಿವರ ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ.

ಸಿಲಿಕೋಸಿಸ್ ಅಂತ ಹೇಗೆ ತೀರ್ಮಾನ ಮಾಡುತ್ತಾರೆ?

ಮೂರು ಸಂಗತಿ ಕೂಡಿಬರಬೇಕು. ಸಿಲಿಕಾ ಧೂಳಿನಲ್ಲಿ ಸಾಕಷ್ಟು ಕಾಲ ಕೆಲಸ ಮಾಡಿದ ಚರಿತ್ರೆ, ಅದಕ್ಕೆ ಹೊಂದುವ ಎಕ್ಸ್‌ರೇ, ಇದೇ ಚಿತ್ರ ಕೊಡುವ ಬೇರೆ ಕಾಯಿಲೆ ಇಲ್ಲವೆಂಬ ಖಾತ್ರಿ. ರಕ್ತ ಪರೀಕ್ಷೆಯಲ್ಲಿ ಇದು ನೇರವಾಗಿ ಗೊತ್ತಾಗುವುದಿಲ್ಲ.

ಎಕ್ಸ್‌ರೇ ಓದಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ, ಅಂದರೆ ಐಎಲ್‌ಒದ ಪದ್ಧತಿಯಿದೆ. ನಿಮ್ಮ ಫಿಲಂ ಅನ್ನು ಅವರು ಕೊಟ್ಟಿರುವ ಮಾದರಿ ಫಿಲಂಗಳ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ವರದಿಯಲ್ಲಿ ‘ಕ್ಯೂ/ಕ್ಯೂ, 2/1’ ಎಂದಿದೆ ಅಂತಿಟ್ಟುಕೊಳ್ಳಿ. ಕ್ಯೂ ಎಂದರೆ ಒಂದೂವರೆಯಿಂದ ಮೂರು ಮಿಲಿಮೀಟರ್ ಗಾತ್ರದ ದುಂಡನೆ ಚುಕ್ಕೆ. ಅದಕ್ಕಿಂತ ಚಿಕ್ಕದು ಪಿ, ದೊಡ್ಡದು ಆರ್. 2/1 ಎಂದರೆ ಚುಕ್ಕೆಗಳ ದಟ್ಟಣೆ ಎರಡನೇ ಹಂತದ್ದು ಎಂದು ತೀರ್ಮಾನಿಸಿದ್ದಾರೆ, ಒಂದನೇ ಹಂತವೂ ಇರಬಹುದೇ ಎಂದು ಯೋಚಿಸಿದ್ದಾರೆ. ಹಂತಗಳು ಸೊನ್ನೆಯಿಂದ ಮೂರರವರೆಗೆ. ಚುಕ್ಕೆಗಳು ಒಂದಕ್ಕೊಂದು ಕೂಡಿ ಒಂದು ಸೆಂಟಿಮೀಟರ್ ಮೀರಿದ ಗಡ್ಡೆಯಾದರೆ ಎ, ಬಿ, ಸಿ ಎಂದು ಗುರುತಿಸುತ್ತಾರೆ. ಅದು ಮುಂದುವರಿದ ಕಾಯಿಲೆ.

‘ಎರಡೂ ಕಡೆ ಕಲೆಗಳಿವೆ, ವೈದ್ಯರ ಪರೀಕ್ಷೆಯೊಂದಿಗೆ ತಾಳೆ ನೋಡಿ’ ಎಂಬಷ್ಟೇ ವರದಿ ನ್ಯಾಯಾಲಯದಲ್ಲಿ ಹೆಚ್ಚು ದೂರ ನಡೆಯುವುದಿಲ್ಲ. ಐಎಲ್‌ಒ ಪದ್ಧತಿಯಲ್ಲೇ ಓದಿಸಿ ಬರೆದುಕೊಡಿ ಎಂದು ಕೇಳಿ. ಫಿಲಂ ಅನ್ನು ಮಡಚಬೇಡಿ, ತಗಡಿನ ಪೆಟ್ಟಿಗೆಯಲ್ಲಿ ಬಿಸಿಲಿಗಿಡಬೇಡಿ. ಡಿಜಿಟಲ್ ಆಗಿದ್ದರೆ ಸಿ.ಡಿ. ಕೇಳಿ ಪಡೆಯಿರಿ. ಮೊಬೈಲಿನಲ್ಲಿ ಹೊಡೆದ ಫೋಟೋ ಸಾಲದು.

ಉಸಿರು ಊದಿಸುವ ಸ್ಪೈರೋಮೆಟ್ರಿ ಪರೀಕ್ಷೆ ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುತ್ತದೆ, ಯಾವ ಕಾಯಿಲೆ ಎಂದಲ್ಲ. ಶುರುವಿನಲ್ಲಿ ಅದು ನಾರ್ಮಲ್ ಬರಬಹುದು. ಬಂದರೆ ‘ಸಿಲಿಕೋಸಿಸ್ ಇಲ್ಲ’ ಎಂದರ್ಥವಲ್ಲ.

ಸಿಟಿ ಸ್ಕ್ಯಾನ್, ಬಯಾಪ್ಸಿ ಎಲ್ಲ ಬೇಕೇ?

ಎಕ್ಸ್‌ರೇ ಸ್ಪಷ್ಟವಾಗಿದ್ದು ಕೆಲಸದ ಚರಿತ್ರೆ ಗಟ್ಟಿಯಾಗಿದ್ದರೆ ಬೇಡ. ಅನುಮಾನವಿದ್ದಾಗ ಹೈ ರೆಸಲ್ಯೂಷನ್ ಸಿಟಿ ನೆರವಾಗುತ್ತದೆ. ಪರಿಹಾರದ ಅರ್ಜಿಗಾಗಿಯೇ ಶ್ವಾಸಕೋಶದ ತುಂಡು ತೆಗೆಸುವ ಅಗತ್ಯ ಬೀಳುವುದು ತೀರಾ ಅಪರೂಪ.

ಎಲ್ಲಿಗೆ ಹೋಗಬೇಕು?

ಜಿಲ್ಲಾಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನ ಶ್ವಾಸಕೋಶ ವಿಭಾಗದಿಂದ ಶುರುಮಾಡಿ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಿದೆ. ಹಳಬರು ಈಗಲೂ ಎಸ್‌ಡಿಎಸ್ ಆಸ್ಪತ್ರೆ ಎನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಡಿಯಲ್ಲಿ ಅಹಮದಾಬಾದಿನಲ್ಲಿರುವ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಭಾರತದ ಪ್ರಾದೇಶಿಕ ಕೇಂದ್ರವೂ ದೇವನಹಳ್ಳಿ ಕಡೆ ಇದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇದ್ದವರು ಇಎಸ್‌ಐ ಆಸ್ಪತ್ರೆಯ ಮೂಲಕವೇ ಹೋಗಿ, ಮುಂದಿನ ದಾರಿ ಸಲೀಸಾಗುತ್ತದೆ.

ಡಾಕ್ಟರು ಬಾಯಲ್ಲಿ ‘ಧೂಳಿಂದ ಬಂದಿದೆ’ ಅಂತಾರೆ, ಚೀಟಿಯಲ್ಲಿ ಬರೆಯಲ್ಲ. ಏನು ಮಾಡೋದು?

ಕೋರ್ಟಿಗೆ ಸಾಕ್ಷಿ ಹೇಳಲು ಹೋಗಬೇಕಾದೀತು ಎಂಬ ಅಳುಕು ಇರುತ್ತದೆ. ಆದರೆ ಕಾನೂನು ಅವರಿಗೆ ಆ ಆಯ್ಕೆ ಕೊಟ್ಟಿಲ್ಲ. 1948ರ ಕಾರ್ಖಾನೆ ಕಾಯ್ದೆಯ 89ನೇ ಕಲಮು, 1952ರ ಗಣಿ ಕಾಯ್ದೆಯ 25ನೇ ಕಲಮು ಎರಡೂ ಸಿಲಿಕೋಸಿಸ್ ಅನ್ನು ವರದಿ ಮಾಡಲೇಬೇಕಾದ ರೋಗವೆಂದು ಗುರುತಿಸಿದ್ದವು. ಚಿಕಿತ್ಸೆ ಕೊಡುವ ವೈದ್ಯರೇ ಕಾರ್ಖಾನೆ ಅಥವಾ ಗಣಿಗಳ ಮುಖ್ಯ ನಿರೀಕ್ಷಕರಿಗೆ ಬರೆದು ತಿಳಿಸಬೇಕು. ತಿಳಿಸದ ವೈದ್ಯರಿಗೆ ಕಾರ್ಖಾನೆ ಕಾಯ್ದೆ ಇಟ್ಟಿದ್ದ ದಂಡ ಹೆಚ್ಚೆಂದರೆ 1,000 ರೂಪಾಯಿ. ಅದರಿಂದ ಯಾರೂ ಹೆದರಿದ ಹಾಗೆ ಕಾಣುವುದಿಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಈ ಕಾಯ್ದೆಗಳು ಅವುಗಳಲ್ಲಿ ಸೇರಿಹೋಗಿವೆ, ವರದಿ ಮಾಡುವ ಹೊಣೆ ಮಾತ್ರ ಮುಂದುವರಿದಿದೆ.

ಜಗಳ ಮಾಡುವುದಕ್ಕಿಂತ ಒಂದು ಹಾಳೆಯಲ್ಲಿ ನಿಮ್ಮ ಕೆಲಸದ ವಿವರ ಬರೆದುಕೊಂಡು ಹೋಗಿ, ‘ಸಾರ್, ಇದನ್ನು ಫೈಲಿಗೆ ಸೇರಿಸಿ, ಕೆಲಸದ ಚರಿತ್ರೆ ಅಂತ ಕೇಸ್ ಶೀಟಿನಲ್ಲಿ ಒಂದು ಸಾಲು ಬರೀರಿ’ ಎಂದು ಕೇಳಿ. ‘15 ವರ್ಷ ಕ್ರಷರಿನಲ್ಲಿ ಕೆಲಸ’ ಎಂಬ ಆ ಒಂದು ಸಾಲು, ನೀವು ದಾವೆ ಹೂಡುವ ಮೊದಲೇ ಸರ್ಕಾರಿ ಆಸ್ಪತ್ರೆಯ ದಾಖಲೆಯಲ್ಲಿ ಬಿದ್ದಿದ್ದರೆ, ಆಮೇಲೆ ಹುಟ್ಟಿಸಿದ ಕತೆ ಎನ್ನಲು ಎದುರು ವಕೀಲರಿಗೆ ಕಷ್ಟ.

ಇದು ವಾಸಿಯಾಗುತ್ತದೆಯೇ?

ಇಲ್ಲ. ಕಟ್ಟಿದ ಗಂಟು ಕರಗಿಸುವ ಔಷಧಿಯಿಲ್ಲ. ಮಾಡಬಹುದಾದ್ದು ಇಷ್ಟು: ಧೂಳಿನ ಕೆಲಸ ಬಿಡುವುದು, ಬೀಡಿ ಬಿಡುವುದು, ಟಿಬಿ ಬಂದರೆ ತಕ್ಷಣ ಹಿಡಿಯುವುದು, ಉಬ್ಬಸಕ್ಕೆ ಇನ್ಹೇಲರ್, ಕೊನೆಯ ಹಂತದಲ್ಲಿ ಆಕ್ಸಿಜನ್. ‘ಶ್ವಾಸಕೋಶ ತೊಳೆಯುವ ಕಷಾಯ’ ಮಾರುವವರಿಗೆ ದುಡ್ಡು ಹಾಕಬೇಡಿ. ಬೆಲ್ಲ ತಿಂದರೆ ಧೂಳು ಹೋಗುತ್ತದೆ ಎಂಬುದೂ ಅದೇ ಜಾತಿಯ ನಂಬಿಕೆ. ಹರಳು ಸಿಲಿಕಾವನ್ನು 1997ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಲಾಗಿದೆ. ಆದ್ದರಿಂದ ಕಫದಲ್ಲಿ ರಕ್ತ ಕಂಡರೆ ತಡಮಾಡಬೇಡಿ.

ಪರಿಹಾರ ಯಾವ ಕಾನೂನಿನಲ್ಲಿ? ಎಷ್ಟು ಸಿಗುತ್ತದೆ?

ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆ. ಅದರ ಮೂರನೇ ಅನುಸೂಚಿಯ ಸಿ ಭಾಗದಲ್ಲಿ ಸಿಲಿಕೋಸಿಸ್, ಆಸ್ಬೆಸ್ಟೋಸಿಸ್ ಇವೆ. ಹತ್ತಿಗಿರಣಿಯ ಧೂಳಿನಿಂದ ಬರುವ ಬಿಸಿನೋಸಿಸ್ ಕೂಡ ಅಲ್ಲೇ ಇದೆ. ಪಟ್ಟಿಯಲ್ಲಿರುವ ರೋಗವನ್ನು ಕೆಲಸದ ವೇಳೆ ಆದ ಅಪಘಾತವೆಂದೇ ಪರಿಗಣಿಸುತ್ತಾರೆ, ಮಾಲೀಕನ ನಿರ್ಲಕ್ಷ್ಯ ಸಾಬೀತು ಮಾಡಬೇಕಿಲ್ಲ. ಈಗ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಲೆಕ್ಕದ ಸೂತ್ರ ಹಳೆಯದೇ.

ಸೂತ್ರ ಹೀಗೆ: ಪೂರ್ತಿ ದುಡಿಯುವ ಶಕ್ತಿ ಹೋದರೆ ತಿಂಗಳ ಸಂಬಳದ ಶೇ. 60, ಅದನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಬೇಕು. ಸಾವಾದರೆ ಶೇ. 50. ನಲವತ್ತು ವರ್ಷದವರ ಗುಣಾಂಕ 184.17. ಸಂಬಳ ಎಷ್ಟೇ ಇರಲಿ, 2020ರ ಜನವರಿಯಲ್ಲಿ ನಿಗದಿಯಾದ ಪ್ರಕಾರ 15,000 ರೂಪಾಯಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅದರ ಶೇ. 60 ಅಂದರೆ 9,000. ಗುಣಿಸಿದರೆ 16,57,530 ರೂಪಾಯಿ. ದಿನಕ್ಕೆ 800 ರೂಪಾಯಿ ಕೂಲಿಯಂತೆ 26 ದಿನ ದುಡಿಯುವ ಡ್ರಿಲ್ಲರ್ ತಿಂಗಳಿಗೆ 20,800 ಗಳಿಸುತ್ತಾನೆ. ಅವನ 5,800ನ್ನು ಕಾನೂನು ನೋಡುವುದೇ ಇಲ್ಲ. ಇದು ನ್ಯಾಯವಲ್ಲ ಎಂಬುದೇ ನಮ್ಮ ಅಭಿಪ್ರಾಯ.

ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಮಾಲೀಕ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಶೇ. 50ರವರೆಗೆ ದಂಡ. ಅರ್ಜಿಯಲ್ಲಿ ಬಡ್ಡಿ ಕೇಳಲು ಮರೆಯಬೇಡಿ.

ಮೆಡಿಕಲ್ ಬೋರ್ಡಿನವರು ‘ಶೇ. 30 ನ್ಯೂನತೆ’ ಎಂದು ಬರೆದಿದ್ದಾರೆ. ಹಾಗಾದರೆ ನನಗೆ ಶೇ. 30 ಪರಿಹಾರ ಮಾತ್ರವೇ?

ಇಲ್ಲಿ ಸ್ವಲ್ಪ ನಿಂತು ಓದಿ. ಹಣದ ದೊಡ್ಡ ವ್ಯತ್ಯಾಸವಾಗುವುದು ಇಲ್ಲೇ.

ಶ್ವಾಸಕೋಶ ಎಷ್ಟು ಕೆಟ್ಟಿದೆ ಎಂಬುದು ಒಂದು ಲೆಕ್ಕ. ನಿಮ್ಮ ಗಳಿಕೆಯ ಶಕ್ತಿ ಎಷ್ಟು ಹೋಗಿದೆ ಎಂಬುದು ಬೇರೆ ಲೆಕ್ಕ. ಕಾನೂನು ಪರಿಹಾರ ಕೊಡುವುದು ಎರಡನೆಯದಕ್ಕೆ. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಶೇ. 30 ಎಂದರೆ 4,97,259 ರೂಪಾಯಿ. ಗಳಿಕೆಯ ಶಕ್ತಿ ಪೂರ್ತಿ ಹೋಗಿದೆ ಎಂದಾದರೆ 16,57,530. ಒಂದೇ ಮನುಷ್ಯ, ಒಂದೇ ಎಕ್ಸ್‌ರೇ.

ಗುಮಾಸ್ತೆಯ ಶ್ವಾಸಕೋಶ ಶೇ. 30 ಕೆಟ್ಟರೆ ಆತ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮುಂದುವರಿಸಬಹುದು. ಜ್ಯಾಕ್ ಹ್ಯಾಮರ್ ಹಿಡಿಯುವವನಿಗೆ ಆಗುವುದಿಲ್ಲ. ಭಾರ ಎತ್ತಲಾಗದು, ಮೇಲಾಗಿ ವೈದ್ಯರೇ ‘ಇನ್ನು ಧೂಳಿಗೆ ಹೋಗಬೇಡ’ ಎಂದಿರುತ್ತಾರೆ. ಓದು ಬರಹವಿಲ್ಲದ, ಬೇರೆ ಕಸುಬು ಗೊತ್ತಿಲ್ಲದ ನಲವತ್ತರ ಮನುಷ್ಯನಿಗೆ ಉಳಿದ ಶೇ. 70 ಶಕ್ತಿಗೆ ಯಾರು ಸಂಬಳ ಕೊಡುತ್ತಾರೆ? ಸುಪ್ರೀಂ ಕೋರ್ಟ್ ಈ ತರ್ಕವನ್ನು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಒಪ್ಪಿದೆ. 1976ರ ಕಾನೂನು ವರದಿಗಳಲ್ಲಿ ಅದು ಸಿಗುತ್ತದೆ. ಎಡಗೈಯನ್ನು ಮೊಣಕೈಯಿಂದ ಮೇಲೆ ಕಳೆದುಕೊಂಡ ಬಡಗಿಯೊಬ್ಬ ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾರ, ಆದ್ದರಿಂದ ಅವನ ನಷ್ಟ ನೂರಕ್ಕೆ ನೂರು ಎಂದು ಹೇಳಿತು. ನಿಮ್ಮ ವಕೀಲರು ವೈದ್ಯರಿಂದ ಎರಡೂ ಅಂಕಿ ಹೇಳಿಸಬೇಕು: ಶ್ವಾಸಕೋಶದ ನ್ಯೂನತೆ ಎಷ್ಟು, ಈ ವ್ಯಕ್ತಿ ತನ್ನ ಹಿಂದಿನ ಕೆಲಸಕ್ಕೆ ಮರಳಬಲ್ಲನೇ ಇಲ್ಲವೇ. ಎರಡನೇ ಪ್ರಶ್ನೆ ಕೇಳದೆ ಸಾಕ್ಷ್ಯ ಮುಗಿಸಿದರೆ ಮೊದಲ ಅಂಕಿಯೇ ಆದೇಶವಾಗಿ ಬರುತ್ತದೆ.

ನನ್ನ ಹತ್ತಿರ ಕೆಲಸದ ದಾಖಲೆ ಏನೂ ಇಲ್ಲ. ವಾರವಾರ ಕೈಗೆ ಬಟವಾಡೆ. ಹೇಗೆ ಸಾಬೀತು ಮಾಡಲಿ?

ಬಹುಪಾಲು ಎಲ್ಲರ ಸ್ಥಿತಿಯೂ ಇದೇ. ನೇಮಕದ ಪತ್ರವೊಂದೇ ದಾಖಲೆಯಲ್ಲ. ಮನೆಯಲ್ಲಿ ಹುಡುಕಿ: ಮೇಸ್ತ್ರಿ ಬರೆದುಕೊಟ್ಟ ಅಡ್ವಾನ್ಸ್ ಚೀಟಿ, ಜಲ್ಲಿ ಲೋಡಿನ ಲೆಕ್ಕದ ಪುಸ್ತಕ, ಮಾಲೀಕ ಫೋನ್‌ಪೇ ಮಾಡಿದ ಹಣದ ಬ್ಯಾಂಕ್ ಪಾಸ್‌ಬುಕ್ ಸಾಲು, ಕ್ವಾರಿಯ ಆಯುಧಪೂಜೆಯಲ್ಲಿ ತೆಗೆದ ಗುಂಪು ಫೋಟೋ, ಮಕ್ಕಳ ಶಾಲಾ ದಾಖಲಾತಿಯಲ್ಲಿ ‘ಕ್ವಾರಿ ಶೆಡ್’ ಎಂಬ ವಿಳಾಸ, ಪಿಎಫ್ ಸಂದೇಶ. ಗಣಿಯಲ್ಲಿದ್ದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿ ‘ಫಾರ್ಮ್ ಓ’ ತುಂಬಬೇಕೆಂಬ ನಿಯಮವಿತ್ತು, ಅದರ ಪ್ರತಿ ಕೇಳಿ.

ಜೊತೆಗೆ ಕೆಲಸ ಮಾಡಿದ ಇಬ್ಬರು ಮೂವರ ಅಫಿಡವಿಟ್ ಮಾಡಿಸಿಡಿ, ಈಗಲೇ. ಅವರಿಗೂ ಇದೇ ಕಾಯಿಲೆ ಇರಬಹುದು, ಕೇಸು ನಡೆಯುವಷ್ಟರಲ್ಲಿ ಇರುತ್ತಾರೋ ಇಲ್ಲವೋ ಹೇಳಲಾಗದು. ಕ್ವಾರಿಯ ಗುತ್ತಿಗೆ ಯಾರ ಹೆಸರಿನಲ್ಲಿತ್ತು ಎಂಬುದು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ, ಘಟಕದ ತಪಾಸಣಾ ವರದಿಗಳು ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ಇರುತ್ತವೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ. ‘ಮಾಲೀಕರು ಯಾರೋ ಗೊತ್ತಿಲ್ಲ, ಮೇಸ್ತ್ರಿ ಮಾತ್ರ ಗೊತ್ತು’ ಎನ್ನುವವರಿಗೆ ಇದೇ ದಾರಿ.

1995ರಲ್ಲಿ ಆಸ್ಬೆಸ್ಟಾಸ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾರ್ಮಿಕರ ಆರೋಗ್ಯ ಮೂಲಭೂತ ಹಕ್ಕಿನ ಭಾಗವೆಂದು ಹೇಳಿ, ಆ ಕಾರ್ಖಾನೆಗಳು ಆರೋಗ್ಯ ದಾಖಲೆಯನ್ನು ಕೆಲಸ ಶುರುವಾದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ ಇಟ್ಟಿರಬೇಕೆಂದಿತು. ಧೂಳಿನ ರೋಗ ಎಷ್ಟು ನಿಧಾನವೆಂದು ನ್ಯಾಯಾಲಯಕ್ಕೆ ಆಗಲೇ ಅರ್ಥವಾಗಿತ್ತು.

ನಾಲ್ಕೈದು ಮಾಲೀಕರ ಹತ್ತಿರ ಕೆಲಸ ಮಾಡಿದ್ದೇನೆ. ಯಾರ ಮೇಲೆ ಹಾಕಬೇಕು?

ಎಲ್ಲರ ಮೇಲೂ. ಸಿಲಿಕೋಸಿಸ್ ಇರುವ ಸಿ ಭಾಗದ ರೋಗಗಳಲ್ಲಿ ಮಾಲೀಕರು ಹಲವರಿದ್ದರೆ ಯಾರ ಪಾಲು ಎಷ್ಟೆಂದು ಪರಿಹಾರದ ಅರ್ಜಿ ವಿಚಾರಣೆ ಮಾಡುವ ಕಮಿಷನರ್ ಹಂಚುತ್ತಾರೆ. ಮಧ್ಯೆ ಗುತ್ತಿಗೆದಾರ ಇದ್ದರೂ ಮುಖ್ಯ ಮಾಲೀಕನನ್ನು ಕೇಳಬಹುದು. ಅವನು ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ.

ಮಾಲೀಕರು ಮನೆಗೆ ಬಂದು 50,000 ಕೊಟ್ಟು ಸ್ಟಾಂಪ್ ಪೇಪರಿಗೆ ಸಹಿ ಹಾಕಿಸಿಕೊಂಡರು. ಎಲ್ಲ ಮುಗಿಯಿತೇ?

ಮುಗಿದಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ರಾಜಿಯಾದರೆ ಅದು ಕಮಿಷನರ್ ಮುಂದೆ ನೋಂದಣಿಯಾಗಬೇಕು. ಸಾವಿನ ಪರಿಹಾರವನ್ನಂತೂ ಕಮಿಷನರ್ ಬಳಿಯೇ ಠೇವಣಿ ಇಡಬೇಕು. ಊರ ಹಿರಿಯರನ್ನು ಕೂರಿಸಿಕೊಂಡು ಕೊಟ್ಟ ದುಡ್ಡು ಪರಿಹಾರವೆನಿಸುವುದಿಲ್ಲ. ದುಡ್ಡು ತಗೊಂಡಿದ್ದನ್ನು ಮುಚ್ಚಿಡಬೇಡಿ, ಅರ್ಜಿಯಲ್ಲಿ ಹೇಳಿಬಿಡಿ.

ಅರ್ಜಿ ಹಾಕಲು ಎಷ್ಟು ಸಮಯವಿದೆ? ನಾನು ಕ್ವಾರಿ ಬಿಟ್ಟು ಎಂಟು ವರ್ಷವಾಯಿತು.

ಎರಡು ವರ್ಷ ಎನ್ನುತ್ತದೆ ಕಾಯ್ದೆ. ಹತ್ತು ಹದಿನೈದು ವರ್ಷ ತೆಗೆದುಕೊಳ್ಳುವ ಕಾಯಿಲೆಗೆ ಎರಡು ವರ್ಷದ ಗಡುವು ಹೊಂದುವ ಮಾತಲ್ಲ. ಆದರೆ ತಡವಾಗಿದ್ದಕ್ಕೆ ಸಕಾರಣವಿದ್ದರೆ ಕಮಿಷನರ್ ಮನ್ನಿಸಬಹುದು. ಇಷ್ಟು ವರ್ಷ ಟಿಬಿ ಎಂದೇ ಚಿಕಿತ್ಸೆ ಕೊಟ್ಟರು, ಸಿಲಿಕೋಸಿಸ್ ಎಂದು ಗೊತ್ತಾಗಿದ್ದು ಈಗ ಎಂಬುದು ಒಳ್ಳೆಯ ಕಾರಣ. ಹಳೆಯ ಟಿಬಿ ಕಾರ್ಡುಗಳನ್ನು ಎಸೆಯಬೇಡಿ ಎನ್ನುವುದು ಇದಕ್ಕೇ. ರೋಗ ಪತ್ತೆಯಾದ ದಿನಾಂಕ ಸ್ಪಷ್ಟವಾಗಿರಲಿ, ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗೇ ಹಾಕಿ.

ಅರ್ಜಿಯನ್ನು ನೀವು ಈಗ ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು. ಬೆಂಗಳೂರು ಕಡೆ ಕ್ವಾರಿಯಲ್ಲಿ ದುಡಿದು ಯಾದಗಿರಿಗೆ ಮರಳಿದವರು ಪ್ರತಿ ವಾಯಿದೆಗೂ ಬಸ್ಸು ಹತ್ತಬೇಕಿಲ್ಲ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಕಾರ್ಮಿಕರು, ಮಹಿಳೆಯರು, ಪರಿಶಿಷ್ಟರಿಗೆ ಉಚಿತ.

ಇಎಸ್‌ಐ ಇದ್ದರೆ?

ಆಗ ಮಾಲೀಕನಿಂದಲ್ಲ, ಇಎಸ್‌ಐ ನಿಗಮದಿಂದ ಬರುತ್ತದೆ. ಎರಡೂ ಕಡೆ ಕೇಳುವಂತಿಲ್ಲ. ಗಳಿಕೆಯ ಶಕ್ತಿ ಪೂರ್ತಿ ಹೋದರೆ ಸಂಬಳದ ಸುಮಾರು ಶೇ. 90ರಷ್ಟು ಜೀವನಪರ್ಯಂತ ತಿಂಗಳ ಹಣ, ಭಾಗಶಃ ಹೋದರೆ ಅದಕ್ಕೆ ತಕ್ಕಷ್ಟು. ಸತ್ತರೆ ಅವಲಂಬಿತರಿಗೆ ಬರುತ್ತದೆ. ಒಟ್ಟಿಗೆ ದುಡ್ಡು ಬಂದು ಸಾಲಗಾರರ ಪಾಲಾಗುವುದಕ್ಕಿಂತ ಇದು ಮೇಲು ಎನ್ನುವುದು ನಮ್ಮ ಅನಿಸಿಕೆ. ತಿಂಗಳಿಗೆ 21,000ದವರೆಗೆ ಸಂಬಳ ಇದ್ದವರು ಇದರ ವ್ಯಾಪ್ತಿಗೆ ಬರುತ್ತಾರೆ.

ಬೇರೆ ರಾಜ್ಯಗಳಲ್ಲಿ ಸರ್ಕಾರವೇ ಕೊಡುತ್ತದಂತೆ, ನಿಜವೇ?

ರಾಜಸ್ಥಾನ 2019ರಲ್ಲಿ ಧೂಳಿನ ರೋಗಗಳಿಗೆಂದೇ ನೀತಿ ತಂದಿತು. ಪ್ರಮಾಣಪತ್ರ ಸಿಕ್ಕ ಕೂಡಲೇ 3 ಲಕ್ಷ, ಸತ್ತ ಮೇಲೆ ಕುಟುಂಬಕ್ಕೆ 2 ಲಕ್ಷ, ತಿಂಗಳ ಪಿಂಚಣಿ. ಮಾಲೀಕ ಯಾರೆಂದು ಕಾರ್ಮಿಕ ಹುಡುಕಬೇಕಿಲ್ಲ ಎಂಬುದು ಅದರ ದೊಡ್ಡ ಗುಣ. ಹಣದ ಒಂದು ಮೂಲ ಜಿಲ್ಲಾ ಖನಿಜ ಪ್ರತಿಷ್ಠಾನ. ಆ ನಿಧಿ ನಮ್ಮ ಬಳ್ಳಾರಿ, ಚಿತ್ರದುರ್ಗದಲ್ಲೂ ಇದೆ. ಅದರಲ್ಲಿ ಧೂಳಿನ ರೋಗಕ್ಕೆ ಎಷ್ಟು ಹೋಗಿದೆ ಎಂದು ಕೇಳುವವರು ಹೆಚ್ಚಾಗಬೇಕು.

ಗುಜರಾತಿನದು ಬೇರೆ ಕತೆ. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರದ ಆದಿವಾಸಿಗಳು ಗೋಧ್ರಾ ಸುತ್ತಲ ಕ್ವಾರ್ಟ್ಜ್ ಗಿರಣಿಗಳಿಗೆ ಕೂಲಿಗೆ ಹೋಗಿ ಸತ್ತರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಶಿಫಾರಸಿನಂತೆ 238 ಮೃತರ ಕುಟುಂಬಗಳಿಗೆ ತಲಾ 3 ಲಕ್ಷ ಕೊಡಬೇಕೆಂದು 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಗುಜರಾತ್ ಸರ್ಕಾರಕ್ಕೆ ಆದೇಶಿಸಿತು. ಅರ್ಜಿ ಹಾಕಿದ್ದು 2006ರಲ್ಲಿ.

ಕರ್ನಾಟಕದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿ ಇದ್ದವರು ಅಲ್ಲಿಯ ವೈದ್ಯಕೀಯ ನೆರವಿಗೂ ಅರ್ಜಿ ಹಾಕಿ.

ಅಂಗವಿಕಲರ ಕಾರ್ಡ್ ಸಿಗುತ್ತದೆಯೇ?

2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಶ್ವಾಸಕೋಶದ ಕಾಯಿಲೆ ಇಲ್ಲ. ನಾಲ್ಕು ಹೆಜ್ಜೆ ನಡೆಯಲಾಗದವನೂ ಆ ಲೆಕ್ಕಕ್ಕೆ ಸರಿಯಾಗಿದ್ದಾನೆ.

ಕೆಜಿಎಫ್‌ನಲ್ಲಿ ಕೆಲಸ ಮಾಡಿದವರ ಮಕ್ಕಳು ನಾವು. ಅಲ್ಲಿ ಈ ಕಾಯಿಲೆ ಇತ್ತೇ?

ಭಾರತದಲ್ಲಿ ಸಿಲಿಕೋಸಿಸ್ ದೊಡ್ಡ ಪ್ರಮಾಣದಲ್ಲಿ ಮೊದಲು ದಾಖಲಾಗಿದ್ದೇ ಕೋಲಾರ ಚಿನ್ನದ ಗಣಿಯಲ್ಲಿ. 1940ರಿಂದ 46ರವರೆಗೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಹೆಚ್ಚು ಮಂದಿಯಲ್ಲಿ ಕಾಯಿಲೆ ಕಂಡಿತ್ತು. ಅಲ್ಲಿ ಚಿನ್ನವಿದ್ದದ್ದೇ ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಕಲ್ಲು ಒಡೆಯದೆ ಚಿನ್ನವಿಲ್ಲ. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಅಲ್ಲಿದ್ದವರಿಗೆ ಈಗಲೂ ದಮ್ಮು ಇದ್ದರೆ ಎಕ್ಸ್‌ರೇ ತೆಗೆಸಿ, ಗಣಿ ಆಸ್ಪತ್ರೆಯ ಹಳೆಯ ಕಾಗದಗಳನ್ನು ಹುಡುಕಿಡಿ. ಎಂಬತ್ತು ವರ್ಷದ ಹಿಂದೆ ಗಣಿಯೊಂದು ಇಷ್ಟು ಜನರನ್ನು ಸಾಲಾಗಿ ನಿಲ್ಲಿಸಿ ಎಕ್ಸ್‌ರೇ ತೆಗೆಸಬಲ್ಲುದಾದರೆ, ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಲ್ಲೋ ಜಿಗಣಿಯ ಪಾಲಿಶ್ ಘಟಕಗಳಲ್ಲೋ ಇಂದು ಯಾಕೆ ಆಗಬಾರದು?

ನಾನಿನ್ನೂ ಕೆಲಸದಲ್ಲಿದ್ದೇನೆ, ಏನೂ ತೊಂದರೆಯಿಲ್ಲ. ಏನು ಮಾಡಲಿ?

ನೀರು ಹಾಯಿಸಿ ಕತ್ತರಿಸಿ, ನೀರು ಹಾಯಿಸಿ ಕೊರೆಯಿರಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಫಲ ಕೊಡುವ ಉಪಾಯವಿಲ್ಲ. ಟವೆಲು, ಕರ್ಚೀಫು, ನೀಲಿ ಸರ್ಜಿಕಲ್ ಮಾಸ್ಕು ಯಾವುದೂ 5 ಮೈಕ್ರಾನ್ ಕಣ ತಡೆಯುವುದಿಲ್ಲ. ಎನ್95 ತಡೆಯುತ್ತದೆ, ಮುಖಕ್ಕೆ ಅಂಟಿ ಕೂತರೆ ಮಾತ್ರ, ಗಡ್ಡವಿದ್ದರೆ ಕೂರುವುದಿಲ್ಲ. ಧೂಳಿನ ಬಟ್ಟೆಯಲ್ಲಿ ಮನೆಗೆ ಹೋಗಬೇಡಿ, ಅದನ್ನು ಒದರಿ ಒಗೆಯುವುದು ಹೆಂಡತಿಯೋ ಅಮ್ಮನೋ. ಈಗಲೇ ಒಂದು ಎಕ್ಸ್‌ರೇ ತೆಗೆಸಿಟ್ಟುಕೊಳ್ಳಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.

ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು. ಮರಣ ಪತ್ರದಲ್ಲಿ ‘ಹೃದಯ ಸ್ತಂಭನ’ ಅಂತಿದೆ. ಈಗಲೂ ಕೇಳಬಹುದೇ?

ಕೇಳಬಹುದು. ಹೃದಯ ಸ್ತಂಭನ ಎಂಬುದು ಸಾವು ಹೇಗೆ ಕೊನೆಗೊಂಡಿತು ಎಂದಷ್ಟೇ ಹೇಳುತ್ತದೆ, ಯಾವ ಕಾಯಿಲೆಯಿಂದ ಎಂದಲ್ಲ. ಬದುಕಿದ್ದಾಗ ತೆಗೆಸಿದ ಎಕ್ಸ್‌ರೇ ಫಿಲಂ ಇದ್ದರೆ ಅದನ್ನು ಈಗಲೂ ಐಎಲ್‌ಒ ಪದ್ಧತಿಯಲ್ಲಿ ಓದಿಸಬಹುದು. ಮನೆಯಲ್ಲಿ ಇಲ್ಲದಿದ್ದರೆ ಚಿಕಿತ್ಸೆ ಪಡೆದ ಎಲ್ಲ ಆಸ್ಪತ್ರೆಗಳಿಗೂ ಒಳರೋಗಿ ಸಂಖ್ಯೆ ನಮೂದಿಸಿ ದಾಖಲೆಯ ಪ್ರತಿಗೆ ಬರೆಯಿರಿ. ಟಿಬಿ ಚಿಕಿತ್ಸೆ ಆಗಿದ್ದರೆ ತಾಲ್ಲೂಕಿನ ಟಿಬಿ ಘಟಕದಲ್ಲಿ ಹೆಸರು ಸಿಗುತ್ತದೆ. ಗಡುವು ಸಾವಿನ ದಿನದಿಂದ ಎರಡು ವರ್ಷ. ಅರ್ಜಿದಾರರಾಗಿ ಅಮ್ಮ, ಮದುವೆಯಾಗದ ಹೆಣ್ಣುಮಕ್ಕಳು, ಅಪ್ರಾಪ್ತ ವಯಸ್ಸಿನ ಮಕ್ಕಳು ಎಲ್ಲರ ಹೆಸರನ್ನೂ ಸೇರಿಸಿ. ಅಜ್ಜಿ ಇದ್ದು ಅಪ್ಪನ ದುಡಿಮೆಯನ್ನೇ ನಂಬಿದ್ದರೆ ಅವರನ್ನೂ ಬಿಡಬೇಡಿ.